ಶಿಶುವಿನ ರಕ್ತ, ಮನೆತನದ ರೋಗ



ವೈದ್ಯಶಾಸ್ತ್ರದ ಯಾವುದಾದರೊಂದು ವಿಷಯವನ್ನು ವೈದ್ಯರಲ್ಲದವರಿಗೂ ಮನದಟ್ಟಾಗುವಂತೆ ಕನ್ನಡದಲ್ಲಿ ನಿರೂಪಿಸಬೇಕೆಂಬುದು ಈ ದತ್ತಿಯ ದಾನಿಗಳು ಉಪನ್ಯಾಸಕನಿಗೆ ವಿಧಿಸಿರುವ ಏಕೈಕ ನಿಬಂಧನೆ. ಅದನ್ನು ಶಿರಸಾವಹಿಸಿ ಇಂದು ನಿಮ್ಮ ಮುಂದೆ ನಾನು ಇಡಬಯಸುವುದು ಒಂದು ಪ್ರಶ್ನೆಯನ್ನು: ಈಗತಾನೆ ಜನಿಸಿದ ಶಿಶುವಿನ ಒಂದೆರಡು ಹನಿ ರಕ್ತವನ್ನು ಪರೀಕ್ಷಿಸಿ, ಮೂವತ್ತು ನಲವತ್ತು ವರ್ಷಗಳ ತರುವಾಯ ಅದರ ಹೃದಯಕ್ಕೆ ಒದಗಬಹುದಾದ ವಿಪತ್ತನ್ನು ಮುಂದಾಗಿ ಅರಿಯುವುದು ಸಾಧ್ಯವೆ, ಸಾಧ್ಯವಾದಲ್ಲಿ ಅದು ಯುಕ್ತವೆ, ಯುಕ್ತವಾದಲ್ಲಿ ಅದಕ್ಕೆ ತಕ್ಕ ಕಾಲ ಯಾವುದು? ಈ ಪ್ರಶ್ನೆ ಹುಟ್ಟುವುದು ಆನುವಂಶಿಕ ಅತಿಕೊಲೆಸ್ಟ್ರಾಲ್ ಎಂಬ, ಬಹುಜನರು ಹೆಸರನ್ನೇ ಕೇಳದಿದ್ದರೂ ಬಹು ಮನೆತನಗಳಲ್ಲಿ ಮನೆಮಾಡಿಕೊಂಡಿರತಕ್ಕ ಒಂದು ವ್ಯಾಧಿಯಿಂದ.

ಈ ವ್ಯಾಧಿಯ ಸ್ವರೂಪವನ್ನು ಮೊದಲು ಸ್ಪಷ್ಟವಾಗಿ ಗುರುತಿಸಿದ ಕೀರ್ತಿ ನಾರ್ವೆ ದೇಶದ ಓಸ್ಲೋ ನಗರದ ವೈದ್ಯ ಕಾರ್ಲ್ ಮ್ಯುಲರ್ ಎಂಬವರಿಗೆ ಸಲ್ಲುತ್ತದೆ. ಹಿಮ್ಮಡಿಯ ಹಿಂದಣ ಸ್ನಾಯುರಜ್ಜುವಿನಲ್ಲಿಯೂ ಕೈಬೆರಳ ಗಿಣ್ಣುಗಳಲ್ಲಿಯೂ ಹಳದಿ ಛಾಯೆಯ ಗಂಟುಗಳು, ರಕ್ತದಲ್ಲಿ ಅಧಿಕವಾದ ಕೊಲೆಸ್ಟ್ರಾಲ್, ತಾರುಣ್ಯದಲ್ಲಿಯೇ ಎದೆನೋವು, ಈ ಮೂರೂ ಕೆಲವು ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಜೊತೆಯಾಗಿಯೇ ಇಳಿದು ಬರುತ್ತವೆಂದು ಅವರು 1930ರ ದಶಕದ ಕೊನೆಯಲ್ಲಿ ಬರೆದರು. ಆಮೇಲೆ 1964ರಲ್ಲಿ, ಬೈರೂತಿನ ವೈದ್ಯ ಖಚದೂರಿಯನ್ ಅವರು ಲೆಬನಾನಿನ ಕುಟುಂಬಗಳನ್ನು ಪರಿಶೀಲಿಸಿ, ತಂದೆ ತಾಯಿಗಳಲ್ಲಿ ಒಬ್ಬರಿಂದ ಮಾತ್ರ ದೋಷವನ್ನು ಪಡೆದವರಲ್ಲಿ ರೋಗವು ಮಂದಗತಿಯದಾಗಿಯೂ ಇಬ್ಬರಿಂದಲೂ ಪಡೆದವರಲ್ಲಿ ಬಾಲ್ಯದಲ್ಲಿಯೇ ಉಗ್ರವಾಗಿಯೂ ಇರುವುದೆಂಬುದನ್ನು ಸ್ಥಾಪಿಸಿದರು. ಇದರ ಮೂಲಕಾರಣವನ್ನು ಬಯಲಿಗೆಳೆದವರು ಅಮೆರಿಕದ ಡಲ್ಲಾಸಿನ ಜೋಸೆಫ್ ಗೋಲ್ಡ್‌ಸ್ಟೀನ್ ಮತ್ತು ಮೈಕೇಲ್ ಬ್ರೌನ್. ರೋಗಿಗಳ ಚರ್ಮದಿಂದ ತೆಗೆದ ಜೀವಕೋಶಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ, 1973ರಿಂದ ಮೊದಲ್ಗೊಂಡು ಅವರು ನಡೆಸಿದ ಸಂಶೋಧನೆಯಿಂದ ಎಲ್‌ಡಿಎಲ್ ಗ್ರಾಹಕವೆಂಬ ವಸ್ತುವು ಲೋಕಕ್ಕೆ ಪರಿಚಿತವಾಯಿತು; 1985ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ಲಭಿಸಿತು.

ಗ್ರಾಹಕದ ಕಾರ್ಯವನ್ನು ನಮ್ಮ ನಾಡಿನ ಕೆರೆಯ ದೃಷ್ಟಾಂತದಿಂದ ತಿಳಿಯಬಹುದು. ಕೆರೆಗೆ ನೀರು ಹರಿದು ಬರುತ್ತಲೇ ಇರುತ್ತದೆ. ತೂಬುಗಳು ಸರಿಯಾಗಿದ್ದರೆ ಅದು ಗದ್ದೆಗೆ ಇಳಿದು ಮಟ್ಟವು ಸಮನಾಗಿರುತ್ತದೆ. ಕೊಲೆಸ್ಟ್ರಾಲನ್ನು ಹೊತ್ತು ರಕ್ತದಲ್ಲಿ ಸಂಚರಿಸುವ ಎಲ್‌ಡಿಎಲ್ ಕಣಗಳನ್ನು ಒಳಗೆಳೆದುಕೊಳ್ಳುವ ತೂಬುಗಳು ಮುಖ್ಯವಾಗಿ ಯಕೃತ್ತಿನ ಜೀವಕೋಶಗಳ ಮೇಲಿರುವ ಈ ಗ್ರಾಹಕಗಳೇ. ಅವುಗಳನ್ನು ನಿರ್ಮಿಸುವ ವಂಶವಾಹಿಯ ಒಂದು ಪ್ರತಿ ತಂದೆಯಿಂದಲೂ ಒಂದು ಪ್ರತಿ ತಾಯಿಯಿಂದಲೂ ಬರತಕ್ಕುದು. ಒಂದು ಪ್ರತಿ ಕೆಟ್ಟಿದ್ದರೆ ತೂಬುಗಳಲ್ಲಿ ಅರ್ಧದಷ್ಟು ಮುಚ್ಚಿದಂತೆ; ಎರಡೂ ಕೆಟ್ಟಿದ್ದರೆ ಬಹುಮಟ್ಟಿಗೆ ಎಲ್ಲವೂ ಮುಚ್ಚಿದಂತೆ. ಆಗ ಮಟ್ಟವೇರುವುದು ಅನಿವಾರ್ಯ. ಆದಕಾರಣ ಇದು ಬೆಣ್ಣೆ ತುಪ್ಪಗಳನ್ನು ಮಿತಿಮೀರಿ ತಿಂದವರ ರೋಗವಲ್ಲ. ಕೃಶಕಾಯರಿಗೂ, ಹುಟ್ಟಿನಿಂದ ಸಸ್ಯಾಹಾರವನ್ನೇ ಸೇವಿಸಿದವರಿಗೂ, ಹೊಲದಲ್ಲಿ ದಿನವಿಡೀ ದುಡಿಯುವವರಿಗೂ ಸಮಾನವಾಗಿ ಬರಬಲ್ಲುದು. ಗ್ರಾಹಕದ ವಂಶವಾಹಿಯಲ್ಲದೆ, ಕಣದ ಮೇಲಿನ ಅಪೊಬಿ ಎಂಬ ಪ್ರೋಟೀನಿನ ವಂಶವಾಹಿಯಲ್ಲಿಯಾಗಲಿ, 2003ರಲ್ಲಿ ಪ್ಯಾರಿಸ್ಸಿನ ಸಂಶೋಧಕರು ಈ ರೋಗದೊಡನೆ ಸಂಬಂಧಿಸಿ ತೋರಿಸಿದ ಪಿಸಿಎಸ್‌ಕೆ9 ಎಂಬ ವಂಶವಾಹಿಯಲ್ಲಿಯಾಗಲಿ ದೋಷವಿದ್ದರೂ ಫಲವು ಹೆಚ್ಚುಕಡಿಮೆ ಇದೇ.

ಒಂದು ಪ್ರತಿಯಲ್ಲಿ ಮಾತ್ರ ದೋಷವುಳ್ಳವರು ಐನೂರಕ್ಕೊಬ್ಬರೆಂದು ಹಿಂದೆ ಎಣಿಸಿದ್ದರು. ಇತ್ತೀಚಿನ ದೊಡ್ಡ ಸಮೀಕ್ಷೆಗಳಿಂದ ಅವರು ಸುಮಾರು 250ಕ್ಕೊಬ್ಬರೆಂದು ತಿಳಿದುಬಂದಿದೆ. ಎಂದರೆ ಒಂದು ಲಕ್ಷ ಶಿಶುಗಳು ಜನಿಸಿದರೆ ಅವುಗಳಲ್ಲಿ ಸುಮಾರು 400 ಶಿಶುಗಳಿಗೆ ಈ ದೋಷವಿರಬಹುದು. ಇವರ ರಕ್ತದಲ್ಲಿ ಎಲ್‌ಡಿಎಲ್ ಕೊಲೆಸ್ಟ್ರಾಲ್ ಪ್ರೌಢ ವಯಸ್ಸಿಗೆ ಸಾಮಾನ್ಯವಾಗಿ ಡೆಸಿಲೀಟರಿಗೆ 190 ಮಿಲಿಗ್ರಾಮನ್ನು ಮೀರಿರುತ್ತದೆ. ಚಿಕಿತ್ಸೆಯಿಲ್ಲದಿದ್ದಲ್ಲಿ ಇಂಥ ಪುರುಷರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಐವತ್ತು ವರ್ಷದೊಳಗೆ, ಸ್ತ್ರೀಯರಲ್ಲಿ ಸುಮಾರು ನೂರಕ್ಕೆ ಮೂವತ್ತರಷ್ಟು ಮಂದಿಗೆ ಅರವತ್ತು ವರ್ಷದೊಳಗೆ ಹೃದಯದ ರಕ್ತನಾಳದ ರೋಗವು ಪ್ರಕಟವಾಗುತ್ತದೆ. ಎರಡು ಪ್ರತಿಗಳಲ್ಲಿಯೂ ದೋಷವುಳ್ಳವರು ಬಹು ವಿರಳ, ಸುಮಾರು ಎರಡೂವರೆ ಮೂರು ಲಕ್ಷಕ್ಕೊಬ್ಬರು. ಆದರೆ ಅವರ ಪಾಡು ದಾರುಣವಾದುದು. ಐದಾರು ವರ್ಷದ ಮಗುವಿನ ಮೊಣಕೈ ಮೊಣಕಾಲುಗಳ ಮೇಲೆ ಹಳದಿ ಗಂಟುಗಳು ಏಳುತ್ತವೆ, ಎಲ್‌ಡಿಎಲ್ 500 ಮಿಲಿಗ್ರಾಮನ್ನು ಮೀರುವುದುಂಟು, ಚಿಕಿತ್ಸೆಯಿಲ್ಲದೆ ಇಪ್ಪತ್ತರ ಪ್ರಾಯವನ್ನು ಕಾಣದೆ ತೀರಿಕೊಂಡವರು ಹಲವರು.

ಇಷ್ಟು ಜನರನ್ನು ಹಿಡಿದಿರುವ ರೋಗವು ಲೋಕಕ್ಕೆ ಕಾಣದಿರುವುದೇತಕ್ಕೆ? ಅದು ನೋಯುವುದಿಲ್ಲ, ಜ್ವರ ತರುವುದಿಲ್ಲ, ಮಗುವಿನ ಬೆಳವಣಿಗೆಯನ್ನು ತಡೆಯುವುದಿಲ್ಲ. ರಕ್ತನಾಳದ ಒಳಗೋಡೆಯ ಮೇಲೆ ದಿನದಿನವೂ ಕೊಬ್ಬು ಕೂಡುತ್ತ ಹೋಗುವ ಕ್ರಿಯೆ ಹುಟ್ಟಿನಿಂದಲೇ ಆರಂಭವಾಗಿದ್ದರೂ ಅದರ ಮೊದಲನೆಯ ಲಕ್ಷಣವೇ ಅನೇಕರಲ್ಲಿ ಹೃದಯಾಘಾತವಾಗಿರುತ್ತದೆ. ನಲವತ್ತು ವರ್ಷಕ್ಕೆ ತಂದೆ ಹಠಾತ್ತಾಗಿ ತೀರಿಕೊಂಡರೆ, ಚಿಕ್ಕಪ್ಪನೂ ಹಾಗೆಯೇ ಹೋದರೆ, ಮನೆಯವರು ಅದನ್ನು ವಿಧಿಲಿಖಿತವೆಂದೋ ಆ ಮನೆತನದ ಗಂಡಸರಿಗೆ ಆಯುಷ್ಯವಿಲ್ಲವೆಂದೋ ಹೇಳಿ ಕಣ್ಣೊರೆಸಿಕೊಳ್ಳುವರಲ್ಲದೆ, ಉಳಿದ ಮಕ್ಕಳ ರಕ್ತವನ್ನು ಪರೀಕ್ಷಿಸಬೇಕೆಂದು ಯೋಚಿಸುವವರು ವಿರಳ.

ಇನ್ನು ನವಜಾತ ಶಿಶುಗಳ ತಪಾಸಣೆಯ ಮಾತಿಗೆ ಬರೋಣ. ಅಮೆರಿಕದ ಬಫಲೋ ನಗರದ ರಾಬರ್ಟ್ ಗತ್ರಿ ಎಂಬ ವೈದ್ಯ ವಿಜ್ಞಾನಿ 1960ರ ದಶಕದ ಆದಿಯಲ್ಲಿ, ಶಿಶುವಿನ ಹಿಮ್ಮಡಿಯನ್ನು ಚುಚ್ಚಿ ಬಂದ ರಕ್ತದ ಹನಿಗಳನ್ನು ಸೋಸುಕಾಗದದ ಮೇಲೆ ಒಣಗಿಸಿ, ಫೀನೈಲ್‌ಕೀಟೋನೂರಿಯ ಎಂಬ ರೋಗವನ್ನು ಅಗ್ಗವಾಗಿ ಪತ್ತೆಹಚ್ಚುವ ಉಪಾಯವನ್ನು ಕಂಡುಹಿಡಿದರು. ಆಹಾರವನ್ನು ಮೊದಲ ವಾರಗಳಲ್ಲಿಯೇ ಮಾರ್ಪಡಿಸಿದರೆ ಬುದ್ಧಿಮಾಂದ್ಯವು ತಪ್ಪುವುದು, ತಡವಾದರೆ ತಪ್ಪದು. ಆ ಕಾರಣದಿಂದಲೇ ಮ್ಯಾಸಚೂಸೆಟ್ಸ್ ರಾಜ್ಯವು 1963ರಲ್ಲಿ ಅದನ್ನು ಶಾಸನದಿಂದ ಕಡ್ಡಾಯಮಾಡಿತು. ನಮ್ಮ ಕರ್ನಾಟಕವೂ ಈ ಕ್ಷೇತ್ರದಲ್ಲಿ ಹಿಂದುಳಿದುದಲ್ಲವೆಂಬುದನ್ನು ಸಂತೋಷದಿಂದ ನೆನೆಯಬೇಕು: ಭಾರತದಲ್ಲಿ ನವಜಾತ ಶಿಶುಗಳ ತಪಾಸಣೆಯ ಮೊದಲ ಪ್ರಾಯೋಗಿಕ ಯೋಜನೆ 1980ರಲ್ಲಿ ಆರಂಭವಾದದ್ದು ಇಲ್ಲಿಯೇ, ಮತ್ತು ಅದರಲ್ಲಿ ಸುಮಾರು 1,25,000 ಶಿಶುಗಳ ರಕ್ತವನ್ನು ಅಮೈನೋ ಆಮ್ಲಗಳ ದೋಷಗಳಿಗಾಗಿ ಪರೀಕ್ಷಿಸಲಾಯಿತು.

ಹತ್ತು ಸಾವಿರಕ್ಕೊಂದು ಶಿಶುವಿಗೆ ಬರುವ ರೋಗಕ್ಕಾಗಿ ಎಲ್ಲರ ಹಿಮ್ಮಡಿಯನ್ನೂ ಚುಚ್ಚುವುದು ನ್ಯಾಯವಾದರೆ, 250ಕ್ಕೊಂದು ಶಿಶುವಿಗೆ ಬರುವ ರೋಗಕ್ಕಾಗಿ ಅದೇ ಹನಿಯನ್ನು ಪರೀಕ್ಷಿಸುವುದು ಇಮ್ಮಡಿ ನ್ಯಾಯವಲ್ಲವೆ ಎಂಬ ವಾದ ಸಹಜವಾಗಿಯೇ ಏಳುತ್ತದೆ. ಅರ್ಧ ಶತಮಾನಕ್ಕೂ ಹಿಂದೆಯೇ ಇದು ಎದ್ದಿತ್ತು. 1971ರಲ್ಲಿ ಅಮೆರಿಕದ ಸಿನ್ಸಿನಾಟಿಯ ಗ್ಲೂಕ್ ಮತ್ತು ಸಹೋದ್ಯೋಗಿಗಳು 1,800 ಹೆರಿಗೆಗಳಲ್ಲಿ ಹೊಕ್ಕುಳಬಳ್ಳಿಯ ರಕ್ತವನ್ನು ಸಂಗ್ರಹಿಸಿ ಕೊಲೆಸ್ಟ್ರಾಲನ್ನು ಅಳೆದರು. ರಕ್ತವನ್ನು ಪಡೆಯಲು ಮಗುವನ್ನು ಚುಚ್ಚಬೇಕಾದುದೂ ಇಲ್ಲ; ಎಸೆಯತಕ್ಕ ಬಳ್ಳಿಯಲ್ಲಿಯೇ ಅದು ದೊರೆಯುವುದು. ಇಷ್ಟು ಸುಲಭವಾದ ಉಪಾಯವು ಲೋಕದಲ್ಲಿ ಏಕೆ ನೆಲೆಗೊಳ್ಳಲಿಲ್ಲವೆಂಬುದನ್ನು ವಿಚಾರಿಸಿದರೆ ಈ ವಿಷಯದ ಮರ್ಮವೇ ತಿಳಿಯಬರುತ್ತದೆ.

ಗರ್ಭಸ್ಥ ಶಿಶುವಿನ ರಕ್ತದಲ್ಲಿ ಎಲ್‌ಡಿಎಲ್ ಅತ್ಯಲ್ಪ. ಹುಟ್ಟಿದಾಗ ಅದು ಡೆಸಿಲೀಟರಿಗೆ ಸುಮಾರು 30 ಮಿಲಿಗ್ರಾಮಿನ ಆಸುಪಾಸಿನಲ್ಲಿರುತ್ತದೆ. ದೋಷವುಳ್ಳ ಶಿಶುವಿನಲ್ಲಿ ಅದು ತುಸು ಹೆಚ್ಚಾಗಿರುವುದು ನಿಜವೇ; ಆದರೆ ನಿರ್ದೋಷಿಯಾದ ಶಿಶುಗಳಲ್ಲಿಯೂ ಸ್ವಭಾವತಃ ಒಂದಕ್ಕೂ ಒಂದಕ್ಕೂ ಅಷ್ಟೇ ಅಂತರವಿರುವುದರಿಂದ ಎರಡು ಗುಂಪುಗಳ ಅಂಕಿಗಳು ಒಂದರೊಳಗೊಂದು ಬೆರೆತುಹೋಗುತ್ತವೆ. ಗೆರೆಯನ್ನು ಕೆಳಗೆಳೆದರೆ ನೂರಾರು ಆರೋಗ್ಯವಂತ ಶಿಶುಗಳ ತಾಯಂದಿರು ಕಾರಣವಿಲ್ಲದೆ ಕಳವಳಗೊಳ್ಳುವರು. ಮೇಲಕ್ಕೆಳೆದರೆ ನಿಜವಾದ ರೋಗಿಗಳೇ ಕೈತಪ್ಪಿಹೋಗುವರು. ಮಗು ಹಾಲುಂಡು, ಅನ್ನವುಂಡು, ವರ್ಷ ತುಂಬುವ ಹೊತ್ತಿಗೆ ಈ ಎರಡು ಗುಂಪುಗಳು ಸ್ಪಷ್ಟವಾಗಿ ಬೇರೆಯಾಗುತ್ತವೆ. ಲಂಡನ್ನಿನ ನಿಕೊಲಾಸ್ ವಾಲ್ಡ್ ಮತ್ತು ಸಂಗಡಿಗರು ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2007ರಲ್ಲಿ ತೋರಿಸಿದಂತೆ, ಕೊಲೆಸ್ಟ್ರಾಲಿನ ಅಳತೆಯಿಂದ ಈ ರೋಗವನ್ನು ಗುರುತಿಸಲು ಅತ್ಯಂತ ಪ್ರಶಸ್ತವಾದ ಕಾಲ ಒಂದರಿಂದ ಒಂಬತ್ತು ವರ್ಷದ ಬಾಲ್ಯವೇ ಹೊರತು ಜನನಕಾಲವೂ ಅಲ್ಲ, ಪ್ರೌಢಾವಸ್ಥೆಯೂ ಅಲ್ಲ.

ಇದಕ್ಕೆ ಅಪವಾದವೊಂದುಂಟು. ತಂದೆ ತಾಯಿಗಳಿಬ್ಬರಿಂದಲೂ ದೋಷವನ್ನು ಪಡೆದ ಮಗುವಿನಲ್ಲಿ ಗ್ರಾಹಕಗಳ ಅಭಾವವು ಗರ್ಭದಲ್ಲಿಯೇ ವ್ಯಕ್ತವಾಗುವುದೆಂಬುದು 1978ರಷ್ಟು ಹಿಂದೆಯೇ ತಿಳಿದಿತ್ತು. ಅಂಥ ಶಿಶುವಿಗೆ ಕಾಯುವ ಅವಕಾಶವಿಲ್ಲ. ಅದರ ಚಿಕಿತ್ಸೆ ಎಷ್ಟು ಬೇಗ ಆರಂಭವಾದರೆ ಅಷ್ಟು ಒಳಿತು. 1984ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಥಾಮಸ್ ಸ್ಟಾರ್ಜ್ಲ್ ಮತ್ತು ಅವರ ಸಹೋದ್ಯೋಗಿಗಳು ಆರು ವರ್ಷದ ಬಾಲಿಕೆಯೊಬ್ಬಳಿಗೆ ಹೃದಯವನ್ನೂ ಯಕೃತ್ತನ್ನೂ ಒಟ್ಟಿಗೆ ಕಸಿಮಾಡಬೇಕಾಗಿ ಬಂದುದನ್ನು ನೆನೆದರೆ, ಈ ರೋಗವು ಎಳೆಯ ವಯಸ್ಸಿನಲ್ಲಿಯೇ ಎಲ್ಲಿಯವರೆಗೆ ಹೋಗಬಲ್ಲುದೆಂಬುದು ಅರಿವಾಗುತ್ತದೆ. ಆಗ ಹೊಸ ಯಕೃತ್ತು ತನ್ನೊಡನೆ ಹೊಸ ಗ್ರಾಹಕಗಳನ್ನು ತಂದುದರಿಂದ ಅವಳ ಕೊಲೆಸ್ಟ್ರಾಲ್ ಬಹಳವಾಗಿ ಇಳಿಯಿತು. ಈಚೆಗೆ ರಕ್ತದಿಂದ ಎಲ್‌ಡಿಎಲನ್ನು ಯಂತ್ರದ ಮೂಲಕ ಸೋಸಿ ತೆಗೆಯುವ ವಿಧಾನವೂ, ಗ್ರಾಹಕಗಳ ಹಂಗಿಲ್ಲದೆ ಕೆಲಸಮಾಡುವ ಹೊಸ ಔಷಧಗಳೂ ಬಂದಿವೆ. ಅವು ದುಬಾರಿಯೆಂಬುದು ಬೇರೆ ಮಾತು.

ಪರದೇಶಗಳು ಹಿಡಿದ ಮಾರ್ಗಗಳು ನಾನಾ ವಿಧ. ಸ್ಲೊವೇನಿಯ ಎಂಬ ಸಣ್ಣ ರಾಷ್ಟ್ರವು 1995ರಿಂದಲೂ ಐದು ವರ್ಷದ ಮಕ್ಕಳೆಲ್ಲರ ಕೊಲೆಸ್ಟ್ರಾಲನ್ನು ಶಾಲೆಗೆ ಸೇರುವ ಮುನ್ನ ಅಳೆಯುತ್ತ ಬಂದಿದೆ. ಹಾಲೆಂಡ್ ದೇಶವು 1994ರಿಂದ ಇಪ್ಪತ್ತು ವರ್ಷಗಳ ಕಾಲ, ರೋಗಿಯೊಬ್ಬನು ಸಿಕ್ಕ ಕೂಡಲೇ ಅವನ ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು, ಆಮೇಲೆ ದಾಯಾದಿಗಳು ಎಂಬ ಕ್ರಮದಿಂದ ವಂಶವೃಕ್ಷವನ್ನು ಹಿಡಿದು ಮನೆಮನೆಗೆ ಹೋಗಿ ಹುಡುಕಿಸಿತು. ಇಂಗ್ಲೆಂಡಿನ ಪ್ರಯೋಗವಂತೂ ನಮ್ಮ ಗಮನಕ್ಕೆ ವಿಶೇಷವಾಗಿ ಅರ್ಹವಾದುದು. ಒಂದೆರಡು ವರ್ಷದ ಮಕ್ಕಳು ಲಸಿಕೆಗಾಗಿ ಹೇಗೂ ವೈದ್ಯರ ಬಳಿಗೆ ಬರುವುದರಿಂದ ಆ ವೇಳೆಯಲ್ಲಿಯೇ ಹಿಮ್ಮಡಿಯ ರಕ್ತವನ್ನು ಪಡೆದು 10,095 ಮಕ್ಕಳನ್ನು ಪರೀಕ್ಷಿಸಿದರು. ರೋಗವು ಕಂಡುಬಂದ ಮಗುವಿನ ತಂದೆ ತಾಯಿಗಳನ್ನೂ ಪರೀಕ್ಷಿಸಿದರು. 2016ರಲ್ಲಿ ಪ್ರಕಟವಾದ ಫಲಿತಾಂಶದಂತೆ ಪ್ರತಿ ಸಾವಿರ ಮಕ್ಕಳ ತಪಾಸಣೆಗೆ ನಾಲ್ಕು ಮಕ್ಕಳೂ ನಾಲ್ವರು ತಂದೆತಾಯಿಗಳೂ, ಒಟ್ಟು ಎಂಟು ಮಂದಿ ಪತ್ತೆಯಾದರು. ಮಗುವಿಗೆ ವಿಪತ್ತು ದೂರವಿದೆ, ತಂದೆಗೋ ತಾಯಿಗೋ ಸಮೀಪವಿದೆ. ಮಗುವನ್ನು ಪರೀಕ್ಷಿಸಿದ ಫಲವನ್ನು ಮೊದಲು ಉಣ್ಣುವವರು ಅದನ್ನು ಎತ್ತಿಕೊಂಡು ಬಂದವರೇ. ಈ ರೋಗವು ವ್ಯಕ್ತಿಯದಲ್ಲ, ಮನೆತನದ್ದು. ಆದುದರಿಂದ ಇದರ ತಪಾಸಣೆಯೂ ಮನೆತನದ್ದೇ ಆಗತಕ್ಕುದು. ಈ ಉಪನ್ಯಾಸದಲ್ಲಿ ನಾನು ಹೇಳಬಯಸುವುದರ ಸಾರ ಇದೇ.

1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ವಿಲ್ಸನ್ ಮತ್ತು ಯುಂಗ್ನರ್ ಎಂಬಿಬ್ಬರು ಸಾಮೂಹಿಕ ತಪಾಸಣೆಗೆ ಹತ್ತು ಸೂತ್ರಗಳನ್ನು ರಚಿಸಿದರು. ರೋಗವು ಗಣ್ಯವಾದುದಾಗಿರಬೇಕು, ಅದು ಮರೆಯಲ್ಲಿರುವ ಅವಧಿಯೊಂದಿರಬೇಕು, ಪರೀಕ್ಷೆಯು ಜನರಿಗೆ ಒಪ್ಪಿಗೆಯಾಗಬೇಕು, ಕಂಡುಹಿಡಿದ ಮೇಲೆ ಕೊಡತಕ್ಕ ಚಿಕಿತ್ಸೆ ಕೈಗೆಟಕುವಂತಿರಬೇಕು ಎಂಬಿವು ಅವುಗಳಲ್ಲಿ ಕೆಲವು. ಚಿಕಿತ್ಸೆಯ ವಿಷಯದಲ್ಲಿ ನಮ್ಮ ಕಾಲವು ಭಾಗ್ಯಶಾಲಿ. ಜಪಾನಿನ ಅಕಿರಾ ಎಂಡೋ ಅವರು ಸುಮಾರು ಆರು ಸಾವಿರ ಸೂಕ್ಷ್ಮಜೀವಿಗಳನ್ನು ಜಾಲಿಸಿ 1973ರಲ್ಲಿ ಪೆನಿಸಿಲಿಯಮ್ ಜಾತಿಯ ಬೂಷ್ಟೊಂದರಿಂದ ಪಡೆದ ವಸ್ತುವೇ ಸ್ಟ್ಯಾಟಿನ್ ಔಷಧಗಳ ಮೂಲ. ಇಂದು ಅವು ನಮ್ಮ ಊರಿನ ಔಷಧದಂಗಡಿಯಲ್ಲಿ ಅಲ್ಪಬೆಲೆಗೆ ದೊರೆಯುತ್ತವೆ. ಅವನ್ನು ಬಾಲ್ಯದಲ್ಲಿಯೇ ಆರಂಭಿಸುವುದರ ಫಲವೇನೆಂಬುದಕ್ಕೆ ಆಮ್‌ಸ್ಟರ್‌ಡ್ಯಾಮಿನ ವೈದ್ಯರು 2019ರಲ್ಲಿ ಸಾಕ್ಷ್ಯವನ್ನು ಒದಗಿಸಿದರು: ಎಳವೆಯಲ್ಲಿ ಚಿಕಿತ್ಸೆಯನ್ನಾರಂಭಿಸಿದ 214 ಮಕ್ಕಳನ್ನು ಇಪ್ಪತ್ತು ವರ್ಷ ಅನುಸರಿಸಿ ನೋಡಿದಾಗ, 39ನೆಯ ವಯಸ್ಸಿಗೆ ಅವರಲ್ಲಿ ನೂರಕ್ಕೆ ಒಬ್ಬರಿಗೆ ಮಾತ್ರ ಹೃದಯ ರಕ್ತನಾಳಗಳ ತೊಂದರೆ ಕಾಣಿಸಿಕೊಂಡಿತ್ತು, ಅದೇ ರೋಗವಿದ್ದ ಅವರ ತಂದೆತಾಯಿಗಳಲ್ಲಿ ಅದೇ ವಯಸ್ಸಿಗೆ ನೂರಕ್ಕೆ ಇಪ್ಪತ್ತಾರು ಮಂದಿಗೆ ಅದು ಬಂದಿತ್ತು, ನೂರಕ್ಕೆ ಏಳು ಮಂದಿ ಮೃತಪಟ್ಟಿದ್ದರು.

ಆದರೆ ಎದುರುವಾದಿಗಳ ಮಾತನ್ನೂ ಆಲಿಸಬೇಕು. ಒಂದು ಪ್ರತಿಯ ದೋಷವುಳ್ಳ ಮಕ್ಕಳಿಗೆ ಔಷಧವನ್ನು ಸಾಮಾನ್ಯವಾಗಿ ಎಂಟು ಹತ್ತು ವರ್ಷಕ್ಕೆ ಆರಂಭಿಸುತ್ತಾರೆ. ಹೀಗಿರಲು ಹುಟ್ಟಿದ ದಿನವೇ ರೋಗದ ಹೆಸರನ್ನು ಮಗುವಿಗೆ ಅಂಟಿಸಿ ಎಂಟು ವರ್ಷ ಏನನ್ನೂ ಮಾಡದೆ ಕುಳಿತರೆ, ಬಾಣಂತಿಗೆ ಭಯವನ್ನು ಕೊಟ್ಟುದಲ್ಲದೆ ಬೇರೇನು ಪ್ರಯೋಜನ ಎಂದು ಅವರು ಕೇಳುತ್ತಾರೆ. ಈ ಆಕ್ಷೇಪಣೆಯಲ್ಲಿ ಹುರುಳಿದೆ. ವಂಶವಾಹಿಗಳನ್ನೇ ಓದುವ ಹೊಸ ಪರೀಕ್ಷೆಯು ಕೊಲೆಸ್ಟ್ರಾಲಿನ ಅಳತೆಯಂತೆ ಜನನಕಾಲದಲ್ಲಿ ಮಸುಕಾಗುವುದಿಲ್ಲವೆಂಬುದು ನಿಜ. ಆದರೆ ಅದು ಓದಿದ ಬದಲಾವಣೆಗಳಲ್ಲಿ ಕೆಲವು ಕೇಡನ್ನುಂಟುಮಾಡುವುವೋ ಇಲ್ಲವೋ ಎಂಬುದು ನಿರ್ಣಯವಾಗಿರುವುದಿಲ್ಲ, ಮತ್ತು ಒಮ್ಮೆ ಬರೆದಿಟ್ಟ ಆ ವಿವರವು ಮಗು ಬೆಳೆದು ತನ್ನ ಇಷ್ಟವನ್ನು ತಿಳಿಸುವ ಮೊದಲೇ ಇತರರ ಕೈ ಸೇರುವುದು. ನಮ್ಮ ಸಮಾಜದಲ್ಲಿ ಹೆಣ್ಣುಮಗುವಿನ ಕಡತದಲ್ಲಿ ಹುಟ್ಟುರೋಗವೆಂಬ ಮಾತು ಬಿದ್ದರೆ ಅವಳ ವಿವಾಹಕಾಲದಲ್ಲಿ ಅದು ಯಾವ ರೂಪವನ್ನು ತಾಳುವುದೆಂಬುದನ್ನು ನಿಮಗೆ ವಿವರಿಸಬೇಕಾಗಿಲ್ಲ.

ವಿವಾಹದ ಮಾತು ಬಂದುದರಿಂದ, ನಮ್ಮ ನಾಡಿಗೆ ವಿಶೇಷವಾಗಿ ಸಲ್ಲುವ ಸಂಗತಿಯೊಂದನ್ನು ತುಸು ವಿಸ್ತಾರವಾಗಿಯೇ ಹೇಳಬೇಕು. ಹಿಂದೆ ಹೇಳಿದ ಶಿಶು ತಪಾಸಣೆಯ ಕಾಲದಲ್ಲಿಯೇ, 1980ರ ದಶಕದಲ್ಲಿ, ಕರ್ನಾಟಕದ ವಿವಾಹಗಳನ್ನು ಕುರಿತು ನಡೆದ ಅಧ್ಯಯನಗಳಲ್ಲಿ ಮೂರರಲ್ಲೊಂದರ ಆಸುಪಾಸಿನಷ್ಟು ವಿವಾಹಗಳು ರಕ್ತಸಂಬಂಧಿಗಳ ನಡುವೆ ಆದುವೆಂದು ಕಂಡುಬಂದಿತ್ತು. ಸೋದರಮಾವನು ಅಕ್ಕನ ಮಗಳನ್ನು ವರಿಸುವುದೂ, ಅತ್ತೆಯ ಮಗನಿಗೆ ಮಾವನ ಮಗಳನ್ನು ತಂದುಕೊಳ್ಳುವುದೂ ಇವುಗಳಲ್ಲಿ ಮುಖ್ಯ. ಹುಡುಗಿ ಪರರ ಮನೆಯಲ್ಲಿ ನೋಯಬಾರದು, ಹೊಲಮನೆ ಹಂಚಿಹೋಗಬಾರದು ಎಂಬ ಅಕ್ಕರೆಯಿಂದಲೂ ವಿವೇಕದಿಂದಲೂ ಬೆಳೆದ ಪದ್ಧತಿಯಿದು. ಇದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಗಣಿತವನ್ನಷ್ಟೇ ನೋಡೋಣ. ಒಂದು ಪ್ರತಿಯ ದೋಷವುಳ್ಳ ಪುರುಷನು ಹೊರಗಿನ ಹೆಣ್ಣನ್ನು ವರಿಸಿದರೆ ಅವಳಿಗೂ ಅದೇ ರೋಗವಿರುವ ಸಂಭವ 250ರಲ್ಲಿ ಒಂದು. ಅವನು ಅಕ್ಕನ ಮಗಳನ್ನೇ ವರಿಸಿದರೆ, ದೋಷವು ಅಕ್ಕನಿಗೆ ಬಂದಿರುವ ಸಂಭವ ಎರಡರಲ್ಲಿ ಒಂದು, ಅವಳಿಂದ ಮಗಳಿಗೆ ಇಳಿದಿರುವುದು ಅದರ ಅರ್ಧ, ಎಂದರೆ ನಾಲ್ಕರಲ್ಲಿ ಒಂದು. ದಂಪತಿಗಳಿಬ್ಬರಿಗೂ ದೋಷವಿದ್ದರೆ ಪ್ರತಿಯೊಂದು ಶಿಶುವೂ ಎರಡೂ ಕೆಟ್ಟ ಪ್ರತಿಗಳನ್ನು ಪಡೆಯುವ ಸಂಭವ ನಾಲ್ಕರಲ್ಲಿ ಒಂದು. ಒಟ್ಟಿನಲ್ಲಿ, ಹೊರಗಿನ ಸಂಬಂಧದಲ್ಲಿ ಸಾವಿರಕ್ಕೊಂದಾಗಿದ್ದ ಉಗ್ರರೋಗದ ಸಂಭವವು ಸೋದರಮಾವನ ವಿವಾಹದಲ್ಲಿ ಹದಿನಾರಕ್ಕೊಂದಾಗುತ್ತದೆ. ಅತ್ತೆ ಮಾವಂದಿರ ಮಕ್ಕಳ ವಿವಾಹದಲ್ಲಿ ಮೂವತ್ತೆರಡಕ್ಕೊಂದು. ಎರಡೂವರೆ ಮೂರು ಲಕ್ಷಕ್ಕೊಬ್ಬರೆಂಬ ಲೋಕದ ಲೆಕ್ಕವನ್ನು ನಂಬಿ ಇಂಥ ಕುಟುಂಬಗಳು ನಿಶ್ಚಿಂತೆಯಿಂದಿರುವಂತಿಲ್ಲ.

ಇಷ್ಟನ್ನೂ ತೂಗಿ ನೋಡಿದ ಮೇಲೆ ನನ್ನ ನಿರ್ಣಯವನ್ನು ಸಂಕ್ಷೇಪವಾಗಿ ನಿವೇದಿಸುತ್ತೇನೆ. ಕೊಲೆಸ್ಟ್ರಾಲಿನ ಅಳತೆಯಿಂದ ಎಲ್ಲ ನವಜಾತ ಶಿಶುಗಳನ್ನೂ ಹುಟ್ಟಿದ ದಿನವೇ ಪರೀಕ್ಷಿಸುವುದು ಇಂದಿನ ಸ್ಥಿತಿಯಲ್ಲಿ ಯುಕ್ತವಲ್ಲ; ಅಳತೆ ಆಗ ವಂಚಿಸುತ್ತದೆ. ಆದರೆ ತಂದೆಯ ಕಡೆಯಲ್ಲಿಯೂ ತಾಯಿಯ ಕಡೆಯಲ್ಲಿಯೂ ಈ ರೋಗದ ಸುಳಿವಿರುವ ಮನೆಗಳಲ್ಲಿ, ಅದರಲ್ಲಿಯೂ ದಂಪತಿಗಳು ರಕ್ತಸಂಬಂಧಿಗಳಾಗಿದ್ದರೆ, ಹುಟ್ಟಿದ ಶಿಶುವನ್ನು ತಡಮಾಡದೆ ಪರೀಕ್ಷಿಸತಕ್ಕುದು. ಉಳಿದ ಮಕ್ಕಳಿಗೆ ತಕ್ಕ ಸಮಯ ನಮ್ಮ ದೇಶದ ಲಸಿಕೆಯ ಪಟ್ಟಿಯಲ್ಲಿಯೇ ಸಿದ್ಧವಾಗಿದೆ: 16ರಿಂದ 24 ತಿಂಗಳ ನಡುವೆ ದಡಾರ ರುಬೆಲ್ಲಾದ ಎರಡನೆಯ ಲಸಿಕೆಗೆ, ತ್ರಿರೋಗ ಲಸಿಕೆಯ ವರ್ಧಕಕ್ಕೆ, ತಾಯಿ ಕಾರ್ಡನ್ನು ಕೈಯಲ್ಲಿ ಹಿಡಿದು ಮಗುವನ್ನೆತ್ತಿಕೊಂಡು ತಾಯಿ ಬಂದೇ ಬರುತ್ತಾಳೆ. ಒಂದೆರಡು ಜಿಲ್ಲೆಗಳಲ್ಲಿ ಆ ದಿನ ಒಂದು ಹನಿ ರಕ್ತವನ್ನು ಹೆಚ್ಚಾಗಿ ಪಡೆದು, ದೋಷವು ಕಂಡ ಮಗುವಿನ ತಂದೆತಾಯಿಗಳನ್ನು ಕರೆಸಿ ಪರೀಕ್ಷಿಸಿ, ಅವರಿಗೆ ಅಂದೇ ಚಿಕಿತ್ಸೆಯನ್ನಾರಂಭಿಸುವ ಪ್ರಯೋಗವನ್ನು ಸರ್ಕಾರವೂ ವೈದ್ಯಕೀಯ ಕಾಲೇಜುಗಳೂ ಕೂಡಿ ನಡೆಸಬಹುದು. ಆದರೆ ಔಷಧವನ್ನೂ ಅನುಸರಣೆಯನ್ನೂ ಗೋಪ್ಯತೆಯನ್ನೂ ಮೊದಲು ಏರ್ಪಡಿಸದೆ ತಪಾಸಣೆಯನ್ನು ಮಾತ್ರ ಆರಂಭಿಸುವುದು ಉಪಕಾರವಲ್ಲ, ಅಪಕಾರ.

ಸರ್ಕಾರದ ಯೋಜನೆಗಾಗಿ ಕಾಯಬೇಕಾಗಿಲ್ಲದ ಕಾರ್ಯವೊಂದು ಈ ಸಭೆಯಲ್ಲಿರುವ ಪ್ರತಿಯೊಬ್ಬರಿಂದಲೂ ಸಾಧ್ಯ. ನಿಮ್ಮ ಮನೆಯ ಗಂಡಸರಲ್ಲಿ ಯಾರಿಗಾದರೂ 55 ವರ್ಷಕ್ಕೆ ಮುಂಚೆ, ಹೆಂಗಸರಲ್ಲಿ ಯಾರಿಗಾದರೂ 60 ವರ್ಷಕ್ಕೆ ಮುಂಚೆ ಹೃದಯಾಘಾತವಾಗಿದ್ದರೆ, ಅಥವಾ ಯಾರದಾದರೂ ಎಲ್‌ಡಿಎಲ್ 190ನ್ನು ಮೀರಿದ್ದರೆ, ಅವರ ಅಣ್ಣತಮ್ಮಂದಿರ, ಅಕ್ಕತಂಗಿಯರ, ಮಕ್ಕಳ ರಕ್ತವನ್ನು ಒಮ್ಮೆ ಪರೀಕ್ಷಿಸಿ. ಮಕ್ಕಳು ಎರಡು ವರ್ಷ ದಾಟಿದವರಾದರೆ ಸಾಕು. ಮನೆಯೊಳಗೆ ಸಂಬಂಧ ಬೆಳೆಸುವ ಮಾತು ನಡೆಯುತ್ತಿದ್ದರೆ ಜಾತಕದ ಜೊತೆಗೆ ಇದನ್ನೂ ನೋಡಿ. ಪರೀಕ್ಷೆಯ ಖರ್ಚು ಕೆಲವು ನೂರು ರೂಪಾಯಿ. ಈ ವಾರದಲ್ಲಿಯೇ ಅದನ್ನು ಮಾಡಿಸಬೇಕೆಂದು ನಿಮ್ಮೆಲ್ಲರನ್ನೂ ಪ್ರಾರ್ಥಿಸುತ್ತೇನೆ.